ಎರಡರಿಂದ ನಾಲ್ಕರವರೆಗೆ



ಟಿಟ್ವಾಳಾ ಅಂದರೆ ಮುಂಬಯಿ ಕಡೆಯವರಿಗೆ ಮೊದಲು ನೆನಪಾಗುವುದು ಮಹಾಗಣಪತಿ. ಕಲ್ಯಾಣ್ ದಾಟಿದರೆ ಶಹಾಡ್, ಆಂಬಿವ್ಲಿ, ಆಮೇಲೆ ನಮ್ಮೂರು. ಅಂಗಾರಕಿ ಸಂಕಷ್ಟಿಯ ದಿನ ಬೆಳಗಿನ ಲೋಕಲಿನಲ್ಲಿ ಕಾಲೂರಲು ಜಾಗ ಸಿಕ್ಕರೆ ಅದೇ ದೊಡ್ಡ ಪುಣ್ಯ. ಇಲ್ಲಿ ಕಣ್ವರ ಆಶ್ರಮವಿತ್ತು, ತನ್ನನ್ನು ಮರೆತ ಗಂಡನನ್ನು ಮರಳಿ ಪಡೆಯಲು ಶಕುಂತಲೆ ಇಲ್ಲೇ ಗಣಪತಿಯನ್ನು ಪೂಜಿಸಿದಳು ಎಂದು ಸ್ಥಳಪುರಾಣ ಹೇಳುತ್ತದೆ. ಪೇಶ್ವೆ ಮಾಧವರಾಯರ ಕಾಲದಲ್ಲಿ ದೇವಸ್ಥಾನ ಹೊಸದಾಗಿ ಎದ್ದಿತು. ಇಲ್ಲಿನ ಗಣಪತಿಗೆ ವಿವಾಹ ವಿನಾಯಕನೆಂದೂ ಹೆಸರು. ಹಾಗಾಗಿ ಸಾಲಿನಲ್ಲಿ ನಿಂತವರ ಮಾತು ಕಿವಿಗೆ ಬಿದ್ದರೆ ಅದು ಸಾಮಾನ್ಯವಾಗಿ ಮಗಳ ಸಂಬಂಧದ್ದು, ಮಗನ ಕೆಲಸದ್ದು, ಸೊಸೆಯ ಹೆರಿಗೆಯದ್ದು. ಐವತ್ತು ದಾಟಿದ ಅಪ್ಪ ಅಮ್ಮಂದಿರು ಗಂಟೆಗಟ್ಟಲೆ ನಿಂತು ಕೇಳಿಕೊಳ್ಳುವುದೆಲ್ಲ ಬೇರೆಯವರಿಗಾಗಿ.

ಇದನ್ನು ನಾವು ತ್ಯಾಗ ಎಂದು ಕರೆದು ಹೊಗಳುತ್ತೇವೆ. ನಮ್ಮ ಸನ್ಮಾನ ಸಮಾರಂಭಗಳಲ್ಲಿ ತಂದೆತಾಯಿಯ ತ್ಯಾಗಕ್ಕೆ ಒಂದು ವಾಕ್ಯ ಮೀಸಲು. ನಾನು ಇವತ್ತು ಹೇಳಹೊರಟಿರುವುದು ಗಣಪತಿಯ ಮುಂದಿನ ಆ ಸಾಲಿನಿಂದ ಸ್ವಲ್ಪ ಪಕ್ಕಕ್ಕೆ ಸರಿದು ನಿಂತವರ ಕಥೆ. ಚಿಕ್ಕಂದಿನಲ್ಲಿ ಒಂದು ಆಸೆ ಇಟ್ಟುಕೊಂಡು, ಮದುವೆ, ಮಕ್ಕಳು, ಮೊಮ್ಮಕ್ಕಳು ಎಲ್ಲ ಆದಮೇಲೂ ಅದನ್ನು ಬಿಡದವರ ಕಥೆ.

ಟಿಟ್ವಾಳಾದಿಂದ ಗೋವೇಲಿಗೆ ಹೋದರೆ ಕಲ್ಯಾಣ್–ಮುರ್ಬಾಡ್ ರಸ್ತೆ ಸಿಗುತ್ತದೆ. ಆ ಕಡೆಗೆ ರೈಲಿಲ್ಲ. ಎಸ್‌ಟಿ ಬಸ್ಸು, ಇಲ್ಲವೇ ಮೂರು ಜನರ ಜಾಗದಲ್ಲಿ ಆರು ಜನರನ್ನು ತುಂಬಿಸುವ ರಿಕ್ಷಾ. ಮುರ್ಬಾಡ್ ತಾಲೂಕಿನ ಒಳಗೆ ಫಾಂಗಣೆ ಎಂಬ ಸಣ್ಣ ಹಳ್ಳಿ ಇದೆ. ಭತ್ತ ಬೆಳೆಯುವ ಊರು. ಅಲ್ಲಿನ ಜಿಲ್ಲಾ ಪರಿಷತ್ ಶಾಲೆಯ ಮೇಷ್ಟ್ರು ಯೋಗೇಂದ್ರ ಬಾಂಗರ್. 2016ರಲ್ಲಿ ಊರಿನಲ್ಲಿ ಶಿವಾಜಿ ಜಯಂತಿ ನಡೆಯಿತು, ಪೋಥಿಯ, ಅಂದರೆ ಧರ್ಮಗ್ರಂಥದ, ಪಾರಾಯಣವೂ ಆಯಿತು. ಕೇಳುತ್ತ ಕುಳಿತ ಮುದುಕಿಯರು ಮೇಷ್ಟ್ರ ಹತ್ತಿರ ಒಂದು ಮಾತು ಹೇಳಿದರು: ನಮಗೂ ಓದಲು ಬರುತ್ತಿದ್ದರೆ ಎಷ್ಟು ಚೆನ್ನಾಗಿತ್ತು.

ಇಂಥ ಮಾತು ನಮ್ಮ ಕಿವಿಗೂ ಬಿದ್ದಿರುತ್ತದೆ. ‘ಹೌದಮ್ಮ, ಏನು ಮಾಡುವುದು, ಕಾಲ ಹಾಗಿತ್ತು’ ಎಂದು ಸಮಾಧಾನ ಹೇಳಿ ಎದ್ದುಬಿಡುತ್ತೇವೆ. ಬಾಂಗರ್ ಎದ್ದು ಹೋಗಲಿಲ್ಲ. ಅದೇ ವರ್ಷ ಮಾರ್ಚ್ 8ರಂದು, ಮಹಿಳಾ ದಿನದಂದು, ಅಲ್ಲಿ ‘ಆಜಿಬಾಯಿಂಚಿ ಶಾಳಾ’ ಶುರುವಾಯಿತು. ಅಜ್ಜಿಯರ ಶಾಲೆ. ಮೋತಿರಾಮ್ ದಲಾಲ್ ಹೆಸರಿನ ಧರ್ಮದತ್ತಿ ಪಾಟಿ, ಚೀಲ, ಕಪ್ಪುಹಲಗೆಗೆ ನೆರವಾಯಿತು. ಒಂದೇ ಕೋಣೆ. ಸೇರಿದವರು ಮೂವತ್ತರ ಆಸುಪಾಸು, ವಯಸ್ಸು ಅರವತ್ತರಿಂದ ತೊಂಬತ್ತರವರೆಗೆ. ಸಮವಸ್ತ್ರ ಗುಲಾಬಿ ಬಣ್ಣದ ಒಂಬತ್ತು ಗಜದ ಸೀರೆ.

ಸೀರೆಯ ಬಣ್ಣದ ಬಗ್ಗೆ ಒಂದು ಮಾತು. ಗಂಡ ತೀರಿದವಳು ಗಾಢ ಬಣ್ಣ ಉಡುವುದನ್ನು ನಮ್ಮ ಹಳ್ಳಿಗಳು ಇನ್ನೂ ಕಣ್ಣರಳಿಸಿ ನೋಡುತ್ತವೆ, ಅದು ಮಹಾರಾಷ್ಟ್ರವಿರಲಿ, ನಮ್ಮ ಕಡೆ ಇರಲಿ. ಆ ಶಾಲೆಗೆ ಬಂದವರಲ್ಲಿ ವಿಧವೆಯರೂ ಇದ್ದರು. ಸಮವಸ್ತ್ರ ಎಂದಮೇಲೆ ಎಲ್ಲರಿಗೂ ಒಂದೇ ಬಣ್ಣ. ಇದಕ್ಕಾಗಿ ಯಾರೂ ಭಾಷಣ ಮಾಡಬೇಕಾಗಲಿಲ್ಲ, ಶಾಲೆಯ ಶಿಸ್ತೇ ಕೆಲಸ ಮುಗಿಸಿತು. ಇನ್ನೊಂದು ಸ್ವಾರಸ್ಯ: ಪಾಠ ಹೇಳಲು ನಿಂತಾಕೆ ಅದೇ ಊರಿನ ಸೊಸೆ. ವಿದ್ಯಾರ್ಥಿನಿಯರಲ್ಲಿ ಆಕೆಯ ಅತ್ತೆಯೂ ಒಬ್ಬರು. ಸೊಸೆ ‘ಮತ್ತೆ ಬರೆಯಿರಿ’ ಎಂದಾಗ ಅತ್ತೆ ತಲೆತಗ್ಗಿಸಿ ಬರೆಯುವ ಇಂಥ ದೃಶ್ಯ ನಮ್ಮ ಯಾವ ಧಾರಾವಾಹಿಯಲ್ಲೂ ಬಂದಂತಿಲ್ಲ.

ಈ ಶಾಲೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದರ ಹೊತ್ತು. ಮಧ್ಯಾಹ್ನ ಎರಡರಿಂದ ನಾಲ್ಕು. ಯಾಕೆ ಎರಡು ಗಂಟೆ? ಅಷ್ಟು ಹೊತ್ತಿಗೆ ನೀರು ತಂದಾಗಿದೆ, ಅಡುಗೆಯಾಗಿದೆ, ಪಾತ್ರೆ ತೊಳೆದಾಗಿದೆ, ಹೊಲದ ಕೆಲಸದಲ್ಲಿ ಒಂದು ಬಿಡುವು ಬಂದಿದೆ. ಯಾಕೆ ನಾಲ್ಕಕ್ಕೇ ಮುಗಿಯಬೇಕು? ಆಮೇಲೆ ದನಕರು, ಸಂಜೆಯ ಒಲೆ. ಅಂದರೆ ಎಪ್ಪತ್ತು ವರ್ಷದ ಆಸೆಗೆ ಸಿಕ್ಕಿದ್ದು ಮನೆಗೆಲಸದಿಂದ ಉಳಿದ ಎರಡು ತಾಸು. ಆದರೆ ಆ ಎರಡು ತಾಸು ಎಲ್ಲಿದೆ ಎಂದು ಹುಡುಕಿ, ಶಾಲೆಯನ್ನು ಅಲ್ಲಿಗೆ ಎಳೆದು ತಂದವರು ಅದುವರೆಗೆ ಯಾರೂ ಇರಲಿಲ್ಲ.

ಸರ್ಕಾರ ಏನೂ ಮಾಡಿರಲಿಲ್ಲವೇ ಎಂದರೆ, ಮಾಡಿತ್ತು. ಮಹಾರಾಷ್ಟ್ರದಲ್ಲಿ 1959ರಲ್ಲೇ ಸಾತಾರಾ ಜಿಲ್ಲೆಯಿಂದ ಗ್ರಾಮ ಶಿಕ್ಷಣ ಮೊಹಿಮ್ ಎಂಬ ಅಭಿಯಾನ ಹೊರಟಿತ್ತು. 1978ರಲ್ಲಿ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಬಂತು. 1988ರಲ್ಲಿ ಸಾಕ್ಷರತಾ ಮಿಷನ್ ಬಂತು. ಆದರೆ ಈ ಮಿಷನ್ನಿನ ಗುರಿ 15ರಿಂದ 35 ವಯಸ್ಸಿನವರು. ದುಡಿಯುವ ವಯಸ್ಸಿನವರು ಓದಿದರೆ ದೇಶಕ್ಕೆ ಲಾಭ ಎಂಬ ಲೆಕ್ಕ. ಲೆಕ್ಕ ತಪ್ಪೆಂದು ನಾನು ಹೇಳಲಾರೆ, ಹಣ ಕಡಮೆ ಇದ್ದಾಗ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಆದರೆ ಫಾಂಗಣೆಯಲ್ಲಿ 2016ರಲ್ಲಿ ಎಪ್ಪತ್ತಾಗಿದ್ದ ಅಜ್ಜಿಗೆ 1988ರಲ್ಲಿ ನಲವತ್ತೆರಡು. ಗೆರೆಯ ಆಚೆ. ಏಳೆಂಟು ವರ್ಷದವಳಿದ್ದಾಗ ಅಣ್ಣತಮ್ಮಂದಿರು ಶಾಲೆಗೆ ಹೋದರು, ಇವಳನ್ನು ಗದ್ದೆಗೆ ಕಳಿಸಿದರು. ನಲವತ್ತೆರಡಾದಾಗ ವಯಸ್ಸು ಮೀರಿತು ಎಂದರು. ಈಗ 2022ರಿಂದ ನಡೆಯುತ್ತಿರುವ ಹೊಸ ಸಾಕ್ಷರತಾ ಕಾರ್ಯಕ್ರಮ 15 ದಾಟಿದ ಎಲ್ಲರಿಗೂ ಎನ್ನುತ್ತದೆ, ಮೇಲಿನ ಗೆರೆ ಅಳಿಸಿಹೋಗಿದೆ. ಒಳ್ಳೆಯದೇ ಆಯಿತು.

ಇನ್ನೂ ಒಂದು ವಿಚಾರ ಮನಸ್ಸಿಗೆ ಬರುತ್ತದೆ. ಭಾರತದಿಂದ ಅಮೆರಿಕಕ್ಕೆ ಹೋಗಿ 1886ರಲ್ಲಿ ವೈದ್ಯ ಪದವಿ ಪಡೆದ ಆನಂದಿಬಾಯಿ ಜೋಶಿ ಇದೇ ಕಲ್ಯಾಣದ ಹುಡುಗಿ. ಒಂಬತ್ತನೇ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ಹೆತ್ತ ಮಗು ಹತ್ತೇ ದಿನ ಬದುಕಿತು, ಇಪ್ಪತ್ತೆರಡು ತುಂಬುವ ಮೊದಲೇ ತಾನೂ ತೀರಿಕೊಂಡಳು. ಅವಳ ಹೆಸರನ್ನು ಕಲ್ಯಾಣದವರು ಹೆಮ್ಮೆಯಿಂದ ಹೇಳುತ್ತಾರೆ. ಹೇಳಬೇಕಾದದ್ದೇ. ಆದರೆ ಅವಳು ಪದವಿ ಪಡೆದು 130 ವರ್ಷ ಕಳೆದಮೇಲೆ, ಅದೇ ಕಲ್ಯಾಣದಿಂದ ಹೊರಡುವ ರಸ್ತೆಯಲ್ಲಿ ಬಸ್ಸು ಹಿಡಿದರೆ ಮುಟ್ಟುವ ಹಳ್ಳಿಯಲ್ಲಿ, ಮೂವತ್ತು ಹೆಂಗಸರು ಮೊದಲ ಸಲ ಪಾಟಿ ಹಿಡಿದರು. ಒಬ್ಬಳು ಇತಿಹಾಸ ಸೇರಿದ ಮಾತ್ರಕ್ಕೆ ದಾರಿ ಎಲ್ಲರಿಗೂ ತೆರೆದಂತೆ ಅಲ್ಲ.

ಆ ಅಜ್ಜಿಯರು ಕಲಿತದ್ದು ಎಷ್ಟು? ಮರಾಠಿ ಅಕ್ಷರಮಾಲೆ, ಅಂಕಿ, ಒಂದಿಷ್ಟು ಶಿಶುಗೀತೆ, ತಮ್ಮ ಹೆಸರು. ಇವತ್ತು ಕಲಿತದ್ದು ನಾಳೆ ಮರೆಯುವುದು ಆ ವಯಸ್ಸಿನಲ್ಲಿ ಸಹಜ. ಮನೆಯಲ್ಲಿ ಮೊಮ್ಮಕ್ಕಳು ತಿದ್ದಿಸುತ್ತಿದ್ದರು. ಹೆಸರು ಬರೆಯುವುದು ಸಣ್ಣ ಸಂಗತಿ ಎಂದು ನಿಮಗೆ ಅನ್ನಿಸಿದರೆ ಪಿಂಚಣಿ ದಿನ ಯಾವುದಾದರೂ ಬ್ಯಾಂಕಿಗೆ ಹೋಗಿ ನೋಡಿ. ಹೆಬ್ಬೆಟ್ಟಿನವರನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ. ಮಸಿ ಡಬ್ಬಿ ಹುಡುಕಬೇಕು, ಗುಮಾಸ್ತ ಕೈ ಹಿಡಿದು ಒತ್ತಿಸಬೇಕು, ಸಾಕ್ಷಿಗೆ ಒಬ್ಬರು ಬೇಕು. ಆಮೇಲೆ ಬೆರಳು ಒರೆಸಲು ಯಾರೂ ಏನೂ ಕೊಡುವುದಿಲ್ಲ. ಆಕೆ ಸೆರಗಿನ ಒಳಮಗ್ಗುಲಿಗೆ ಒರೆಸಿಕೊಳ್ಳುತ್ತಾಳೆ. ಸಹಿ ಮಾಡುವವಳು ಪೆನ್ನು ಕೇಳುತ್ತಾಳೆ, ಬರೆಯುತ್ತಾಳೆ, ನಡೆಯುತ್ತಾಳೆ.

ನಮ್ಮ ಕನ್ನಡಿಗರಿಗೂ ಮುಂಬಯಿಯಲ್ಲಿ ಇಂಥದೇ ಒಂದು ಚರಿತ್ರೆ ಇದೆ. ಅದರ ಹೊತ್ತು ಮಾತ್ರ ಬೇರೆ. ಅದು ರಾತ್ರಿಯದ್ದು.

ದಕ್ಷಿಣ ಕನ್ನಡದಿಂದ, ಉಡುಪಿ ಕುಂದಾಪುರದ ಕಡೆಯಿಂದ, ಹನ್ನೆರಡು ಹದಿಮೂರರ ಹುಡುಗರು ಮುಂಬಯಿಗೆ ಬರುತ್ತಿದ್ದ ಕಾಲ. ಊರಲ್ಲಿ ಐದನೆಯದೋ ಏಳನೆಯದೋ ಆಗಿರುತ್ತಿತ್ತು. ಮಾವನೋ ದೊಡ್ಡಪ್ಪನೋ ಕರೆತಂದು ಹೋಟೆಲಿಗೆ ಸೇರಿಸುತ್ತಿದ್ದರು. ಮೊದಲು ಕಪ್ಪುಬಸಿ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಮಾಣಿ, ಅದೃಷ್ಟ ಇದ್ದರೆ ಮುಂದೊಂದು ದಿನ ಗಲ್ಲಾ. ಮುಂಬಯಿಯಲ್ಲಿ ಕರಾವಳಿಯ ಮೊಗವೀರರ ಸಂಘ, ಮೊಗವೀರ ವ್ಯವಸ್ಥಾಪಕ ಮಂಡಳಿ, ಹುಟ್ಟಿದ್ದು 1902ರಲ್ಲಿ. 1908ರಲ್ಲಿ ಅದು ರಾತ್ರಿ ಶಾಲೆ ತೆರೆಯಿತು. ಆಮೇಲೆ ಬೇರೆ ಬೇರೆ ಸಂಘಗಳೂ ಕನ್ನಡ ರಾತ್ರಿ ಶಾಲೆ ನಡೆಸಿದವು. ಈ ನೆಲಕ್ಕೆ ರಾತ್ರಿ ಶಾಲೆ ಹೊಸದೇನಲ್ಲ, ಜೋತಿಬಾ ಫುಲೆಯವರು 1855ರಲ್ಲೇ ಪುಣೆಯಲ್ಲಿ ದುಡಿಯುವವರಿಗೆ ರಾತ್ರಿ ಪಾಠ ಶುರುಮಾಡಿದ್ದರು. ಆದರೆ ತಿಂಡಿ ಹೊತ್ತು, ಊಟದ ಹೊತ್ತು, ಸಂಜೆ ಕಾಪಿಯ ಹೊತ್ತು ಮುಗಿಸಿ, ಕೈಯಲ್ಲಿ ಈರುಳ್ಳಿ ವಾಸನೆ ಇಟ್ಟುಕೊಂಡೇ ಬೆಂಚಿಗೆ ಬಂದು ಕೂರುವ ಹುಡುಗರಿಗಾಗಿ ಕನ್ನಡದಲ್ಲಿ ಪಾಠ ಹೇಳಿದ್ದು ಈ ಶಾಲೆಗಳ ಹೆಚ್ಚುಗಾರಿಕೆ. ಅಲ್ಲಿ ಓದಿ ಬ್ಯಾಂಕು ಸೇರಿದವರಿದ್ದಾರೆ, ವಕೀಲರಾದವರಿದ್ದಾರೆ, ಸ್ವಂತ ಹೋಟೆಲು ಇಟ್ಟವರಿದ್ದಾರೆ. ಅವರ ಕಥೆಯನ್ನು ನಾವು ಸಾಕಷ್ಟು ಕೇಳಿದ್ದೇವೆ. ನಡುವೆ ಬಿಟ್ಟವರ ಕಥೆ ಕೇಳಿದ್ದು ಕಡಮೆ. ಸೇಟು ಪಾಳಿ ಬದಲಿಸಿದರೆ ಶಾಲೆ ತಪ್ಪಿತು, ಊರಲ್ಲಿ ತಂಗಿಯ ಮದುವೆ ಬಂದರೆ ಶಾಲೆ ತಪ್ಪಿತು. ಒಂಬತ್ತನೆಯದರಲ್ಲಿ ಬಿಟ್ಟವರು ಎಷ್ಟೋ ಜನ.

ನಮ್ಮ ಕಟ್ಟಡದಲ್ಲಿ ಅಂಥವರೊಬ್ಬರಿದ್ದಾರೆ. ಕುಂದಾಪುರದ ಕಡೆಯವರು. ಮುಂಬಯಿಯ ಖೋಲಿ ಮಾರಿ, ಡೊಂಬಿವಲಿಯ ರೇಟು ಕೇಳಿ ಬೆಚ್ಚಿ, ಇನ್ನಷ್ಟು ಮುಂದಕ್ಕೆ ಬಂದು ಟಿಟ್ವಾಳಾದಲ್ಲಿ ನೆಲೆಯೂರಿದವರು. ನಮ್ಮಲ್ಲಿ ಬಹಳ ಜನರ ಕಥೆ ಇದೇ. ಇಬ್ಬರು ಮಕ್ಕಳನ್ನು ಓದಿಸಿ ದಡ ಮುಟ್ಟಿಸಿದ ಮೇಲೆ ಇವರು ಒಂದು ದಿನ ‘ಹದಿನೇಳು ನಂಬರ್ ಫಾರ್ಮು’ ತುಂಬಬೇಕೆಂದು ಹೊರಟರು. ಮಹಾರಾಷ್ಟ್ರದಲ್ಲಿ ಖಾಸಗಿಯಾಗಿ ಹತ್ತನೆಯ ಪರೀಕ್ಷೆ ಕಟ್ಟುವವರ ಅರ್ಜಿಗೆ ಅದೇ ಹೆಸರು. ಮಗಳು ಕೇಳಿದಳಂತೆ, “ಅಪ್ಪಯ್ಯ, ಈಗ ಎಂತಕ್ಕೆ ಇದೆಲ್ಲ?” ಇವರ ಉತ್ತರ: “ನಿಮ್ದೆಲ್ಲ ಆಯ್ತಲ್ದಾ, ಇನ್ನು ನನ್ ಪಾಳಿ.”

ಪಾಳಿ. ಹೋಟೆಲಿನವರ ಮಾತು. ಆದರೆ ಪಾಳಿ ಬಂದೊಡನೆ ಕೆಲಸ ಆಗುವುದಿಲ್ಲ. ಅರ್ಜಿಗೆ ಶಾಲೆ ಬಿಟ್ಟ ದಾಖಲೆ ಬೇಕು, ನಾವೆಲ್ಲ ಎಲ್‌ಸಿ ಎನ್ನುವುದು. ಯಾವ ಕಾಲದಲ್ಲೋ ಬಿಟ್ಟ ಶಾಲೆಯ ರಿಜಿಸ್ಟರು ಹುಡುಕಿಸಬೇಕು. ಆಧಾರಿನಲ್ಲಿ ಒಂದು ಹುಟ್ಟಿದ ದಿನ, ರಿಜಿಸ್ಟರಿನಲ್ಲಿ ಜೂನ್ ಒಂದನೇ ತಾರೀಕು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಆ ಜೂನ್ ಒಂದರಂದು ಹುಟ್ಟಿದವರು ನಮ್ಮ ಕರಾವಳಿಯಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಅಫಿಡವಿಟ್, ಸ್ಟಾಂಪ್ ಪೇಪರ್, ಮತ್ತೆ ಮತ್ತೆ ಓಡಾಟ. ಮಗಳೇ ಕೊನೆಗೆ ರಜೆ ಹಾಕಿ ಜೊತೆಗೆ ಹೋದಳು.

ಸಂಜೆ ಅವರ ಮನೆಗೆ ಹೋದರೆ ಊಟದ ಮೇಜಿನ ಮೇಲೆ ಕೈವಾರ, ಅಡಿಕೋಲು, ಕೋನಮಾಪಕ. ಗಣಿತದಲ್ಲಿ ಭಾಗ ಒಂದು ಅವರಿಗೆ ತೊಂದರೆ ಕೊಡಲಿಲ್ಲ. ಇನ್ನೂರು ಜನರ ದೋಸೆಗೆ ಅಕ್ಕಿ ಎಷ್ಟು ಉದ್ದು ಎಷ್ಟು ಎಂದು ಬಾಯಲ್ಲೇ ಹೇಳುವ ಮನುಷ್ಯ. ಎಡವಿದ್ದು ಭಾಗ ಎರಡರಲ್ಲಿ, ಭೂಮಿತಿಯಲ್ಲಿ. ತ್ರಿಕೋನ ಬರೆದು ಎರಡು ಬದಿ ಸಮ ಎಂದು ಸಾಧಿಸಿ ಎಂದರೆ ಅವರಿಗೆ ಸಿಟ್ಟು. “ಸಮ ಇಪ್ಪುದು ಕಾಣ್ತಿತ್ತಲ್ಲ, ಮತ್ತೆ ಸಾಧಿಸೂದ್ ಎಂತಕ್ಕೆ?” ಪ್ರಶ್ನೆ ಸರಿಯಾದದ್ದೇ. ಕಣ್ಣಿಗೆ ಕಂಡದ್ದು ಸಾಲದು, ಮೆಟ್ಟಿಲು ಮೆಟ್ಟಿಲಾಗಿ ತೋರಿಸಬೇಕು ಎಂಬುದನ್ನು ಹದಿನೈದರ ಹುಡುಗರು ಕೇಳದೆ ಒಪ್ಪಿಬಿಡುತ್ತಾರೆ. ಜೀವನಪೂರ್ತಿ ಕಣ್ಣಂದಾಜಿನ ಮೇಲೆ ಅಡುಗೆಮನೆ ನಡೆಸಿದವರು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಒಂದು ಸಲ ಅದೇ ಪತ್ರಿಕೆಯಲ್ಲಿ ಅಂಕ ಕಡಮೆಯಾಯಿತು. ಮತ್ತೆ ಕಟ್ಟಿದರು. ಈಗಲೂ ಸಂಜೆ ಕೈವಾರ ಮೇಜಿನ ಮೇಲಿದೆ.

ಮೊದಲು ತ್ಯಾಗದ ಮಾತು ಎತ್ತಿದ್ದೆ. ಅಪ್ಪ ಅಮ್ಮ ತಮ್ಮ ಆಸೆಯನ್ನು ಬಿಟ್ಟುಕೊಟ್ಟರು ಎಂದು ಹೇಳಿಕೊಳ್ಳುವುದು ಮಕ್ಕಳಾದ ನಮಗೆ ಬಹಳ ಅನುಕೂಲ. ಬಿಟ್ಟುಕೊಟ್ಟವರಿಗೆ ಶಾಲು ಹೊದಿಸಿದರೆ ಮುಗಿಯಿತು. ಬಿಡದವರಿಗೆ ಎಲ್‌ಸಿ ಹುಡುಕಿಕೊಡಬೇಕು, ಟಿವಿಯ ಸದ್ದು ಇಳಿಸಬೇಕು, ಪರೀಕ್ಷೆಯ ದಿನ ಬೇಗ ತಿಂಡಿ ಮಾಡಿಕೊಡಬೇಕು. ನಾಲ್ಕು ಜನ ನಕ್ಕರೆ ಆ ನಗೆಯನ್ನೂ ಹಂಚಿಕೊಳ್ಳಬೇಕು. ಈ ವಯಸ್ಸಿನಲ್ಲಿ ಯಾಕೆ ಎಂಬ ನಮ್ಮ ಪ್ರಶ್ನೆಯಲ್ಲಿ ಅವರ ಮೇಲಿನ ಕಾಳಜಿ ಅರ್ಧ, ನಮ್ಮ ಸೋಮಾರಿತನ ಅರ್ಧ.

ಆಸೆ ಬಿಡದವರು ದೂರದ ನಾಡಿನಲ್ಲೂ ಉಂಟು. ಕೀನ್ಯಾ ದೇಶದಲ್ಲಿ ಕಿಮಾನಿ ಮರೂಗೆ ಎಂಬ ಅಜ್ಜ ಇದ್ದರು. ಆ ದೇಶ 2003ರಲ್ಲಿ ಪ್ರಾಥಮಿಕ ಶಿಕ್ಷಣ ಎಲ್ಲರಿಗೂ ಉಚಿತ ಎಂದು ಸಾರಿತು. ಎಲ್ಲರಿಗೂ ಅಂದರೆ ತನಗೂ ಎಂದು ತಿಳಿದ 84 ವರ್ಷದ ಈ ಅಜ್ಜ 2004ರಲ್ಲಿ ಚಡ್ಡಿ ತೊಟ್ಟು ಒಂದನೇ ತರಗತಿಗೆ ಹಾಜರಾದರು. ಅದೇ ಶಾಲೆಯಲ್ಲಿ ಅವರ ಮೊಮ್ಮಕ್ಕಳೂ ಇದ್ದರು. ಬೈಬಲನ್ನು ತಾನೇ ಓದಬೇಕು ಎಂಬುದು ಅವರ ಕಾರಣಗಳಲ್ಲಿ ಒಂದು. ಪಾದ್ರಿ ಹೇಳುವುದೆಲ್ಲ ಅದರಲ್ಲಿ ಇದೆಯೋ ಇಲ್ಲವೋ ಎಂಬ ಅನುಮಾನ ಅವರಿಗೆ. ಫಾಂಗಣೆಯ ಅಜ್ಜಿಯರಿಗೆ ಪೋಥಿ, ಇವರಿಗೆ ಬೈಬಲ್. ಜೀವನವೆಲ್ಲ ಇನ್ನೊಬ್ಬರ ಬಾಯಿಂದ ಕೇಳಿದ್ದನ್ನು ಒಮ್ಮೆ ಸ್ವಂತ ಕಣ್ಣಿನಿಂದ ನೋಡಿಬಿಡಬೇಕೆಂಬ ಹಟ. ಇದನ್ನು ನಾನು ಭಕ್ತಿ ಎನ್ನುವುದಕ್ಕಿಂತ ತನಿಖೆ ಎನ್ನುತ್ತೇನೆ.

ಕೇರಳದ ಕೊಲ್ಲಂನ ಭಾಗೀರಥಿ ಅಮ್ಮನ ಸುದ್ದಿ ನೀವು ಓದಿರಬಹುದು. ತಾಯಿ ತೀರಿಕೊಂಡಾಗ ತಮ್ಮ ತಂಗಿಯರನ್ನು ಸಾಕಲು ಮೂರನೇ ತರಗತಿಯಲ್ಲಿ ಶಾಲೆ ಬಿಟ್ಟ ಹುಡುಗಿ, ಮುಂದೆ ಆರು ಮಕ್ಕಳ ತಾಯಿ, ಮೂವತ್ತರ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡಾಕೆ. 105ನೇ ವಯಸ್ಸಿನಲ್ಲಿ ನಾಲ್ಕನೇ ತರಗತಿಗೆ ಸಮಾನವಾದ ಪರೀಕ್ಷೆ ಬರೆದು 275ಕ್ಕೆ 205 ಅಂಕ ಪಡೆದರು. ಹರಿಪಾಡ್ ಬಳಿಯ ಕಾರ್ತ್ಯಾಯನಿ ಅಮ್ಮ 2018ರಲ್ಲಿ, 96ನೇ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆಯಲ್ಲಿ ನೂರಕ್ಕೆ 98 ತೆಗೆದರು. ಕಂಪ್ಯೂಟರ್ ಕಲಿಯಬೇಕು ಎಂದರು, ಶಿಕ್ಷಣ ಸಚಿವರು ಲ್ಯಾಪ್‌ಟಾಪ್ ತಂದುಕೊಟ್ಟರು. ಇಬ್ಬರಿಗೂ ನಾರೀಶಕ್ತಿ ಪುರಸ್ಕಾರ ಬಂತು. ಕಾರ್ತ್ಯಾಯನಿ ಅಮ್ಮನಿಗೆ ಆಸೆ ಹತ್ತಿಸಿದ್ದು ಅವರ ಮಗಳೇ, ಆಕೆ ಅರವತ್ತರ ಸುಮಾರಿಗೆ ಹತ್ತನೆಯದಕ್ಕೆ ಸಮಾನವಾದ ಪರೀಕ್ಷೆ ಪಾಸು ಮಾಡಿದ್ದಳು. ಕೇರಳದಲ್ಲಿ ಇದು ಹೇಗೆ ಸಾಧ್ಯವಾಯಿತು ಎಂದರೆ, ಪರೀಕ್ಷೆ ಬರೆಯುವವರ ಊರಿಗೆ, ಕೆಲವೊಮ್ಮೆ ಮನೆಗೇ, ಸಾಕ್ಷರತಾ ಮಿಷನ್ನಿನವರು ಹೋದರು. ಮತ್ತೆ ಅದೇ ಮಾತಿಗೆ ಬಂದೆ: ಹಟ ಮನುಷ್ಯರದ್ದು, ಆದರೆ ಅದಕ್ಕೊಂದು ಹೊತ್ತು, ಒಂದು ಜಾಗ ಮಾಡಿಕೊಡಲು ಬೇರೆಯವರು ಬೇಕು.

ಇನ್ನೂ ಮೇಲಿನ ಓದಿಗೆ ಹಂಬಲಿಸುವವರಿಗೂ ನಮ್ಮ ಕಡೆ ದಾರಿಗಳಿವೆ. ಧಾರವಾಡದಲ್ಲಿ ನಿವೃತ್ತ ಶಿಕ್ಷಕರೊಬ್ಬರು ವಚನಕಾರ ಡೋಹರ ಕಕ್ಕಯ್ಯನ ಬಗ್ಗೆ ಪ್ರಬಂಧ ಬರೆದು 89ನೇ ವಯಸ್ಸಿನಲ್ಲಿ ಪಿಎಚ್.ಡಿ. ಪಡೆದದ್ದು ಸುದ್ದಿಯಾಗಿತ್ತು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ 1978ರಲ್ಲಿ ಶುರುವಾದದ್ದು, ಶ್ರೀನಿವಾಸ ಹಾವನೂರರು ಅದರ ಮೊದಲ ಮುಖ್ಯಸ್ಥರು. ಮಕ್ಕಳನ್ನು ಬೆಳೆಸಿದ ಗೃಹಿಣಿಯರು, ಬ್ಯಾಂಕಿನಿಂದ ನಿವೃತ್ತರಾದವರು ಅಲ್ಲಿ ಎಂ.ಎ.ಗೆ ಬಂದು ಕೂರುವುದು ಹೊಸತಲ್ಲ. ಟಿಟ್ವಾಳಾದಿಂದ ಕಲಿನಾ ದೂರವೇ. ಕುರ್ಲಾದಲ್ಲಿ ಇಳಿದು, ಬಸ್ಸು ಹಿಡಿದು, ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಮುಗಿದಿರುತ್ತದೆ. ದೂರ ಎನ್ನುವವರಿಗೆ ನಾಸಿಕದಲ್ಲಿ 1989ರಲ್ಲಿ ಹುಟ್ಟಿದ ಯಶವಂತರಾವ್ ಚವ್ಹಾಣ್ ಮುಕ್ತ ವಿಶ್ವವಿದ್ಯಾಲಯವಿದೆ, ಕರ್ನಾಟಕದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವಿದೆ.

ಮೊದಲು ಹತ್ತನೆಯದು ಮುಗಿಸಬೇಕೆನ್ನುವವರಿಗೆ ಒಂದು ಮಾತು: ಹದಿನೇಳು ನಂಬರ್ ಫಾರ್ಮಿಗೆ ವಯಸ್ಸಿನ ಮೇಲ್ಮಿತಿ ಇಲ್ಲ. ಐದನೆಯದು ಪಾಸಾಗಿರಬೇಕು, ಶಾಲೆ ಬಿಟ್ಟ ದಾಖಲೆ ಬೇಕು. ಈಗ ಅರ್ಜಿ ಆನ್‌ಲೈನ್, ಕೊನೆಯ ತಾರೀಕನ್ನು ಮಂಡಳಿ ಪ್ರತಿವರ್ಷ ಪ್ರಕಟಿಸುತ್ತದೆ. ಕರ್ನಾಟಕದಲ್ಲೂ ಎಸ್‌ಎಸ್‌ಎಲ್‌ಸಿಗೆ ಖಾಸಗಿಯಾಗಿ ಕಟ್ಟಬಹುದು. ಫೋಟೋ ಏರಿಸುವುದು, ಒಟಿಪಿ ಹಾಕುವುದು ಹಿರಿಯರಿಗೆ ತುಸು ತ್ರಾಸು. ಮನೆಯಲ್ಲಿ ಯಾರಾದರೂ ಪಕ್ಕದಲ್ಲಿ ಕೂತರೆ ಅರ್ಧ ಗಂಟೆಯ ಕೆಲಸ. ಎಲ್‌ಸಿ ಹುಡುಕುವುದನ್ನು ಮಾತ್ರ ಇವತ್ತೇ ಶುರುಮಾಡಿ, ಅದಕ್ಕೆ ಹಿಡಿಯುವ ಸಮಯವನ್ನು ಯಾವ ಗಣಪತಿಯೂ ಹೇಳಲಾರ.